ಓದುಗರ ಪ್ರಶ್ನೆ: ಅಮೆರಿಕದ ಉತ್ತೇಜನ ಹಣ ರಸ್ತೆಗೆ ಇಳಿದದ್ದು ಹೇಗೆ?

ಪ್ರಶ್ನೆ: 2009ರಲ್ಲಿ ಅಮೆರಿಕದ ಫೆಡರಲ್ ಸರ್ಕಾರ ಆರ್ಥಿಕ ಉತ್ತೇಜನದ ಹಣ ಕೊಟ್ಟಾಗ, ಕೂಡಲೇ ಶುರು ಮಾಡಬಹುದಾದ ರಸ್ತೆ ಕಾಮಗಾರಿಗಳನ್ನೇ ರಾಜ್ಯಗಳಿಂದ ಕೇಳಿತಂತೆ. ನಕ್ಷೆ, ಅಂದಾಜುಪಟ್ಟಿ ಕೈಯಲ್ಲಿದ್ದರೆ ಸಾಲದೆ?

ಉತ್ತರ: ಖಂಡಿತ ಸಾಲದು. ಹೆದ್ದಾರಿಗಳಿಗೆ ಸಿಕ್ಕಿದ್ದು 2,750 ಕೋಟಿ ಡಾಲರ್. ಅದರ ಬಹುಪಾಲು ಮಾರ್ಚ್ 2ರಂದು ರಾಜ್ಯಗಳಿಗೆ ಹಂಚಿಕೆಯಾಯಿತು. ಸ್ಥಳೀಯ ಪ್ರದೇಶಗಳಿಗೆಂದು ಮೀಸಲಾದ ಪಾಲು ಬಿಟ್ಟು, ಉಳಿದದ್ದರಲ್ಲಿ ಅರ್ಧವನ್ನು 120 ದಿನಗಳೊಳಗೆ ನಿರ್ದಿಷ್ಟ ಕಾಮಗಾರಿಗಳ ಹೆಸರಿಗೆ ಮಂಜೂರು ಮಾಡಿಸಿಕೊಳ್ಳಬೇಕಿತ್ತು. ಮಿಕ್ಕದ್ದಕ್ಕೆ ಒಂದು ವರ್ಷ. ಗಡುವು ಮೀರಿದರೆ ಆ ಹಣ ಬೇರೆ ರಾಜ್ಯದ ಪಾಲು.

ಇಷ್ಟು ಬೇಗ ಮಂಜೂರಾತಿ ಸಿಗಬೇಕಾದರೆ ಕಾಮಗಾರಿ ಮೊದಲು ರಾಜ್ಯದ ಅಧಿಕೃತ ಸಾರಿಗೆ ಕಾರ್ಯಕ್ರಮ ಪಟ್ಟಿಯಲ್ಲಿರಬೇಕು. ಪರಿಸರ ಪರಿಶೀಲನೆ ಮುಗಿದಿರಬೇಕು, ಜಾಗ ಸ್ವಾಧೀನದಲ್ಲಿದೆ ಎಂಬ ದೃಢೀಕರಣ ಕಡತದಲ್ಲಿರಬೇಕು. ಕೆಲಸ ಹೆಚ್ಚಾಗಿ ಸಿಕ್ಕಿಕೊಳ್ಳುವುದು ಆಮೇಲೆ: ವಿದ್ಯುತ್ ಕಂಬ, ನೀರಿನ ಪೈಪು, ಗ್ಯಾಸ್ ಕೊಳವೆ ಸ್ಥಳಾಂತರಿಸುವ ಒಪ್ಪಂದಗಳಲ್ಲಿ. ಸೇತುವೆಯ ಕೆಳಗೆ ರೈಲು ಹಳಿ ಇದ್ದರಂತೂ ರೈಲ್ವೆ ಕಂಪನಿಯ ಸಹಿಯಿಲ್ಲದೆ ಟೆಂಡರ್ ಕರೆಯುವಂತಿಲ್ಲ. ಇವಕ್ಕೆ ತಿಂಗಳುಗಟ್ಟಲೆ ಹಿಡಿಯುತ್ತದೆ. ಹಳೆಯ ರಸ್ತೆಗೆ ಮರುಡಾಂಬರು ಹಾಕುವುದಾದರೆ ಹೊಸ ಜಾಗ ಬೇಡ, ಪರಿಸರ ಪರಿಶೀಲನೆಯೂ ಸಂಕ್ಷಿಪ್ತ. ಹಾಗಾಗಿಯೇ ಹೆಚ್ಚು ಹಣ ಡಾಂಬರಿಗೆ ಹೋಯಿತು. ಇದನ್ನು ದೂರದೃಷ್ಟಿಯಿಲ್ಲದ ಆಯ್ಕೆ ಎಂದು ಹಲವರು ಜರೆದರು. ಆದರೆ ಅಂಥ ಗಡುವು ಹಾಕಿದ ಮೇಲೆ ಬೇರೆ ಫಲ ನಿರೀಕ್ಷಿಸುವುದು ನ್ಯಾಯವಲ್ಲ.

ಪ್ರಶ್ನೆ: ಪೂರ್ತಿ ವೆಚ್ಚ ಫೆಡರಲ್ ಸರ್ಕಾರದ್ದೇ ಆಗಿದ್ದರೆ ರಾಜ್ಯಕ್ಕೆ ಹಣದ ಚಿಂತೆಯೇ ಇರಲಿಲ್ಲವೆ?

ಉತ್ತರ: ಇತ್ತು. ರಾಜ್ಯದ ಪಾಲು ಕಡ್ಡಾಯವಿರಲಿಲ್ಲ, ನಿಜ. ಆದರೆ ಇದು ಮುಂಗಡ ಹಣವಾಗಿರಲಿಲ್ಲ. ಕೆಲಸ ನಡೆದಂತೆ ರಾಜ್ಯ ಬಿಲ್ ಸಲ್ಲಿಸಿ ಮರಳಿ ಪಡೆಯಬೇಕಿತ್ತು. ಜೊತೆಗೆ, ಸ್ವಂತ ಬೊಕ್ಕಸದಿಂದ ಸಾರಿಗೆಗೆ ಮಾಡಲಿದ್ದ ಖರ್ಚನ್ನು ಕಡಿತ ಮಾಡುವುದಿಲ್ಲ ಎಂದು ಗವರ್ನರ್ ಬರೆದುಕೊಡಬೇಕಿತ್ತು.

ಪ್ರಶ್ನೆ: ಟೆಂಡರ್‌ನಲ್ಲಿ ಅಂದಾಜಿಗಿಂತ ಕಡಿಮೆ ದರ ಬಂದರೆ ಉಳಿತಾಯ ಯಾರಿಗೆ?

ಉತ್ತರ: ಬೇಗ ಓಡಿದವರಿಗೆ. ಉಳಿದ ಮೊತ್ತವನ್ನು ಆ ಕಾಮಗಾರಿಯ ಲೆಕ್ಕದಿಂದ ಬಿಡಿಸಿ, 2010ರ ಸೆಪ್ಟೆಂಬರ್ 30ರೊಳಗೆ ಮತ್ತೊಂದಕ್ಕೆ ಮಂಜೂರು ಮಾಡಿಸಬೇಕಿತ್ತು. ಟೆಂಡರ್ ಪ್ರಕಟಣೆಗೇ ಸಾಮಾನ್ಯವಾಗಿ ಕನಿಷ್ಠ ಮೂರು ವಾರ ಬೇಕು. ಎಲ್ಲ ಅನುಮತಿ ಮುಗಿದ ಕೆಲವು ಕಾಮಗಾರಿಗಳನ್ನು ಮೀಸಲು ಪಟ್ಟಿಯಲ್ಲಿ ಇಟ್ಟುಕೊಳ್ಳದ ಇಲಾಖೆಗೆ ಅಷ್ಟರೊಳಗೆ ಆ ಹಣಕ್ಕೆ ಬೇರೆ ಕಾಮಗಾರಿ ಹೊಂದಿಸುವುದು ಕಷ್ಟವಾಗಿತ್ತು.

ಟೆಂಡರ್ ದಾಖಲೆಯಲ್ಲೇ ಎರಡು ಷರತ್ತು ಸೇರಿಸಿರಬೇಕಿತ್ತು: ಗುತ್ತಿಗೆದಾರ ಕಾರ್ಮಿಕರ ಕೆಲಸದ ಗಂಟೆಗಳನ್ನು ಪ್ರತಿ ತಿಂಗಳು ವರದಿ ಮಾಡುವುದು, ಕರಗಿಸುವುದರಿಂದ ಲೇಪನದವರೆಗೆ ಅಮೆರಿಕದಲ್ಲೇ ತಯಾರಾದ ಉಕ್ಕನ್ನು ಬಳಸುವುದು. ಉಕ್ಕು ಹಾಗೆ ತಯಾರಾದದ್ದೆಂಬ ಪ್ರಮಾಣಪತ್ರವನ್ನು ಸರಕು ಸ್ಥಳಕ್ಕೆ ಬಂದ ದಿನವೇ ಪಡೆಯುವುದು ಕ್ಷೇಮವಾಗಿತ್ತು; ತೊಲೆ ಕೂರಿಸಿದ ಮೇಲೆ ಕೊರತೆ ಕಂಡರೆ ಅದರ ವೆಚ್ಚ ಮರಳಿ ಬರುವುದೇ ಅನುಮಾನವಾಗಿತ್ತು.