ತೋಟಕ್ಕೆ ಹೊರಟಾಯ್ತು, ಲೈಸೆನ್ಸ್ ಹೋಯ್ತು: ಈಗೇನು ಮಾಡೋದು?

ಪ್ರಶ್ನೆ: ಪೇಟೆ ಬಿಟ್ಟು ತೋಟದಲ್ಲಿ ನೆಲೆಸಬೇಕು ಅಂತ ನಾನೂ ನನ್ನ ಹೆಂಡತಿಯೂ ಬಹಳ ದಿನದಿಂದ ಅಂದುಕೊಂಡಿದ್ದೆವು. ಜಮೀನು ಕೊಂಡೆವು, ಅದರಲ್ಲಿದ್ದ ಹಳೇ ಮನೆಯ ರಿಪೇರಿಯೂ ಮುಗಿಯುತ್ತಾ ಬಂದಿದೆ. ಅಷ್ಟರಲ್ಲಿ ಕುಡಿದು ಕಾರು ಓಡಿಸಿ ಸಿಕ್ಕಿಬಿದ್ದೆ. ಒಂದು ವರ್ಷ ಯಾವ ವಾಹನವನ್ನೂ ಓಡಿಸಬಾರದು ಅಂತ ಕೋರ್ಟು ಹೇಳಿದೆ. ಹೆಂಡತಿಗೆ ಡ್ರೈವಿಂಗ್ ಬರುವುದಿಲ್ಲ. ಬಸ್ಸು ನಿಲ್ಲುವ ಜಾಗ ತೋಟದಿಂದ ದೂರ. ಹಸು ಕಟ್ಟಬೇಕು, ಟ್ರ್ಯಾಕ್ಟರ್ ತರಬೇಕು ಅಂತೆಲ್ಲ ಲೆಕ್ಕ ಹಾಕಿಕೊಂಡಿದ್ದೆವು. ಈಗ ಈ ವರ್ಷ ಕಳೆಯುವವರೆಗೆ ಪೇಟೆಯಲ್ಲೇ ಇರುವುದಾ, ಈಗಲೇ ಹೋಗಿಬಿಡುವುದಾ? ಅಕ್ಕಪಕ್ಕದ ತೋಟದವರಿಗೆ ಏನಂತ ಹೇಳುವುದು? — ಹೆಸರು ಬೇಡ

ಉತ್ತರ: ಈಗಲೇ ಹೋಗಿ. ಆದರೆ ಈ ವರ್ಷ ಹಸು ಬೇಡ, ಟ್ರ್ಯಾಕ್ಟರೂ ಬೇಡ.

ನೀವು ಕೊನೆಯಲ್ಲಿ ಕೇಳಿದ್ದಕ್ಕೆ ಮೊದಲು ಉತ್ತರ ಹೇಳುತ್ತೇನೆ, ಉಳಿದದ್ದೆಲ್ಲ ಅದರ ಮೇಲೇ ನಿಂತಿದೆ. ಪಕ್ಕದವರಿಗೆ ನಿಜ ಹೇಳಿ. ಮನೆ ಮುಂದೆ ಕಾರು ನಿಂತಿರುತ್ತದೆ, ನೀವು ಮಾತ್ರ ಚೀಲ ಹೊತ್ತುಕೊಂಡು ನಡೆದು ಬರುತ್ತಿರುತ್ತೀರಿ. ನೋಡಿದವರು ಸುಮ್ನೆ ಇರುತ್ತಾರಾ? ನೀವು ಹೇಳದಿದ್ದರೆ ಅವರೇ ಒಂದು ಕಥೆ ಕಟ್ಟುತ್ತಾರೆ, ಆ ಕಥೆಯಲ್ಲಿ ನೀವು ಕನಿಷ್ಠ ಒಬ್ಬರಿಗಾದರೂ ಗುದ್ದಿರುತ್ತೀರಿ. "ಕುಡಿದು ಓಡಿಸಿದ್ದೆ, ಲೈಸೆನ್ಸ್ ಹೋಗಿದೆ, ಇಂಥ ತಿಂಗಳವರೆಗೆ ಓಡಿಸುವ ಹಾಗಿಲ್ಲ." ಇಷ್ಟು ಸಾಕು. ಪೊಲೀಸರನ್ನು ಬೈಯುವುದು, ಎರಡೇ ಪೆಗ್ ಹಾಕಿದ್ದೆ ಅನ್ನುವುದು, ಇದ್ಯಾವುದೂ ಬೇಡ. ಬೆನ್ನು ನೋವು, ಕಣ್ಣಿನ ತೊಂದರೆ ಅಂತ ಸುಳ್ಳು ಹೇಳಿದಿರೋ, ಆಮೇಲೆ ಬೇಲಿಗೆ ಕಂಬ ಹೊರುವಾಗ ಅದನ್ನೂ ನೆನಪಿಟ್ಟುಕೊಂಡು ನಟಿಸಬೇಕಾಗುತ್ತದೆ.

ನಿಜ ಹೇಳಿದ ಮೇಲೆ ಸಹಾಯ ಕೇಳುವುದು ಸುಲಭ. ಅದರಲ್ಲೂ ಒಂದು ಕ್ರಮ ಇರಲಿ. "ಪೇಟೆಗೆ ಹೋಗುವಾಗ ಹೇಳಿ" ಅಂದರೆ ಯಾರೂ ಹೇಳುವುದಿಲ್ಲ, ಅವರಿಗೆ ನೆನಪಾಗುವಷ್ಟರಲ್ಲಿ ಅರ್ಧ ದಾರಿ ಹೋಗಿರುತ್ತಾರೆ. ಅವರು ವಾರದಲ್ಲಿ ಯಾವ ದಿನ ಹೋಗುತ್ತಾರೆ ಅಂತ ಕೇಳಿಕೊಂಡು ಆ ದಿನಕ್ಕೆ ನೀವು ಹೊಂದಿಕೊಳ್ಳಿ. ಅವರು ಗಾಡಿ ತೆಗೆಯುವ ಮೊದಲೇ ಗೇಟಿನ ಹತ್ತಿರ ನಿಂತಿರಿ. ಡೀಸೆಲ್ ಖರ್ಚಿನಲ್ಲಿ ಪಾಲು ಕೊಡಿ. ಅದಕ್ಕಿಂತ ಮುಖ್ಯವಾಗಿ ಮುಯ್ಯಿ ತೀರಿಸಿ: ಅವರ ಕೊಯ್ಲಿಗೆ ಕೈಜೋಡಿಸಿ, ಅವರು ಎಲ್ಲಾದರೂ ಹೋದಾಗ ದನ ನೋಡಿಕೊಳ್ಳಿ, ಪೈಪ್ ಒಡೆದಾಗ ಗುಂಡಿ ತೋಡಿಕೊಡಿ. ಹೊಸದಾಗಿ ಬಂದವರಿಗೆ ಕೆಲಸ ಕಲಿಯಲು ಇದಕ್ಕಿಂತ ಒಳ್ಳೆಯ ದಾರಿ ಇಲ್ಲ, ಅದೂ ಬೇರೆಯವರ ಜಮೀನಿನಲ್ಲಿ! ಒಂದು ಎಚ್ಚರಿಕೆ. ಖರ್ಚು ಹಂಚಿಕೊಳ್ಳುವುದು ಬೇರೆ, ಪ್ರತಿ ಸಲ ಬಾಡಿಗೆ ಅಂತ ದುಡ್ಡು ಕೊಡುವುದು ಬೇರೆ. ಸ್ವಂತ ಗಾಡಿಯನ್ನು ಬಾಡಿಗೆಗೆ ಓಡಿಸಿದರು ಅಂತಾದರೆ ಬಹಳ ಕಡೆ ಅವರ ವಿಮೆಗೇ ತೊಂದರೆ ಬರುತ್ತದೆ.

ನಿಮ್ಮ ಮನೆಯವರು ಡ್ರೈವಿಂಗ್ ಕಲಿಯಬಹುದು ಅಲ್ವಾ? ಅವರಿಗೆ ಇಷ್ಟ ಇದ್ದರೆ ಮಾತ್ರ. ಶಿಕ್ಷೆ ಆಗಿರುವುದು ನಿಮಗೆ, ಅವರು ಅದಕ್ಕಾಗಿ ಒಂದು ವರ್ಷ ನಿಮ್ಮ ಡ್ರೈವರ್ ಆಗಬೇಕಿಲ್ಲ. ಕಲಿಯುವುದಾದರೆ ಪಕ್ಕದಲ್ಲಿ ಕೂತು ಕಲಿಸುವವರು ನೀವಾಗಿರಬಾರದು. ಕಲಿಯುವವರ ಪಕ್ಕ ಕೂರುವವರಿಗೆ ಚಾಲ್ತಿಯಲ್ಲಿರುವ ಲೈಸೆನ್ಸ್ ಇರಬೇಕು ಅನ್ನುವ ನಿಯಮ ಬಹುತೇಕ ದೇಶಗಳಲ್ಲಿದೆ. ಗಂಡಂದಿರು ಕಲಿಸದೇ ಇದ್ದರೆ ಮನೆಯಲ್ಲಿ ಶಾಂತಿಯೂ ಜಾಸ್ತಿ, ಅದು ಬೇರೆ ಮಾತು.

ಈಗ ಕಾನೂನು. ಕೋರ್ಟಿನ ಆದೇಶವನ್ನು ಇನ್ನೊಮ್ಮೆ ಓದಿ. ಯಾವ ದಿನದಿಂದ ಯಾವ ದಿನದವರೆಗೆ, ಯಾವ ಯಾವ ವಾಹನ, ಕೊನೆಗೆ ಲೈಸೆನ್ಸ್ ತಾನಾಗಿ ಮರಳಿ ಬರುತ್ತದೋ ಅರ್ಜಿ ಹಾಕಬೇಕೋ, ಮತ್ತೆ ಪರೀಕ್ಷೆ ಇದೆಯೋ. ಇದನ್ನು ಕೇಸು ನೋಡಿಕೊಂಡ ವಕೀಲರಿಂದ ಬರವಣಿಗೆಯಲ್ಲೇ ಪಡೆಯಿರಿ. ನಿಮ್ಮದೇ ಜಮೀನಿನೊಳಗೆ ಓಡಿಸಬಹುದಾ ಅನ್ನುವುದನ್ನೂ ಅವರನ್ನೇ ಕೇಳಿ, ಏಕೆಂದರೆ ಇದು ದೇಶದಿಂದ ದೇಶಕ್ಕೆ ಬದಲಾಗುತ್ತದೆ, ತೋಟದ ನಡುವೆ ಬೇರೆಯವರು ಓಡಾಡುವ ದಾರಿ ಇದ್ದರಂತೂ ಲೆಕ್ಕವೇ ಬೇರೆ.

ಸೈಕಲ್ಲಿಗೆ ಸಾಮಾನ್ಯವಾಗಿ ಲೈಸೆನ್ಸ್ ಬೇಡ. ಭಾರತದಲ್ಲಿ 250 ವ್ಯಾಟ್ ಒಳಗಿನ, ಗಂಟೆಗೆ 25 ಕಿ.ಮೀ. ಮೀರದ ಎಲೆಕ್ಟ್ರಿಕ್ ದ್ವಿಚಕ್ರಕ್ಕೂ ಲೈಸೆನ್ಸ್ ಬೇಕಿಲ್ಲ. ಯುರೋಪ್ ಒಕ್ಕೂಟದಲ್ಲೂ ಮಿತಿ ಇದೇ, ಆದರೆ ಅಲ್ಲಿ ಪೆಡಲ್ ತುಳಿದರೆ ಮಾತ್ರ ಮೋಟಾರು ಕೈಜೋಡಿಸಬೇಕು. ಆದರೂ ನಿಮ್ಮ ಆದೇಶದ ಮಾತುಗಳಿಗೆ ಇದು ಹೊಂದುತ್ತದಾ ಅಂತ ಕೇಳಿಕೊಂಡೇ ಕೊಳ್ಳಿ. ಸೈಕಲ್ ಹಿಂದೆ ಒಂದು ಸಣ್ಣ ಟ್ರೈಲರ್ ಕಟ್ಟಿದರೆ 30-40 ಕಿಲೋ ಎಳೆಯಬಹುದು. ಕುಡಿದು ಮಾತ್ರ ಅದನ್ನೂ ಮುಟ್ಟಬೇಡಿ. ಜರ್ಮನಿಯಲ್ಲಿ ಕುಡಿದು ಸೈಕಲ್ ಹೊಡೆದರೂ ಶಿಕ್ಷೆ ಇದೆ. ಬ್ರಿಟನ್ನಿನ 1872ರ ಒಂದು ಕಾಯ್ದೆಯ ಪ್ರಕಾರ ರಸ್ತೆಯಲ್ಲಿ ಕುಡಿದು ಕುದುರೆಯನ್ನೋ ದನವನ್ನೋ ಹೊಡೆದುಕೊಂಡು ಹೋಗುವುದೂ ಅಪರಾಧ. ಎತ್ತಿನ ಗಾಡಿ ಕಟ್ಟಿಕೊಂಡರೆ ಬಚಾವಾದೆವು ಅಂದುಕೊಳ್ಳುವವರಿಗೆ ಇದನ್ನು ಹೇಳಿದೆ.

ಹಸು ಯಾಕೆ ಬೇಡ ಅಂದೆ ಅಂದರೆ, 400 ಕಿಲೋ ತೂಗುವ ಹಸುವಿಗೆ ನೀರಿನಂಶ ಬಿಟ್ಟು ಲೆಕ್ಕ ಹಾಕಿದರೂ ದಿನಕ್ಕೆ ಸುಮಾರು 12 ಕಿಲೋ ಮೇವು ಬೇಕು. ಹಾಲು ಕೊಡುವ ಹಸು 50 ಲೀಟರಿಗಿಂತ ಜಾಸ್ತಿ ನೀರು ಕುಡಿಯುತ್ತದೆ. ಮೇವು ಹೊರಗಿನಿಂದ ಬರಬೇಕು, ಹಾಲು ದಿನಕ್ಕೆರಡು ಸಲ ಹೊರಗೆ ಹೋಗಬೇಕು, ಕರು ಹಾಕುವಾಗ ತೊಂದರೆಯಾದರೆ ನಡುರಾತ್ರಿ ಡಾಕ್ಟರನ್ನು ಕರೆತರಬೇಕು. ಮೂರಕ್ಕೂ ಗಾಡಿ ಬೇಕು. ಪ್ರಾಣಿ ಬೇಕೇ ಬೇಕು ಅನ್ನಿಸಿದರೆ ಕೋಳಿಯಿಂದ ಶುರುಮಾಡಿ. ಒಂದು ಮೊಟ್ಟೆ ಕೋಳಿ ದಿನಕ್ಕೆ ಸುಮಾರು 120 ಗ್ರಾಂ ತಿನ್ನುತ್ತದೆ. ಹತ್ತು ಕೋಳಿಗೆ ತಿಂಗಳಿಗೆ 36 ಕಿಲೋ, ಅಂದರೆ ಸೈಕಲ್ ಟ್ರೈಲರಿನ ಒಂದು ಹೊರೆ. ಕಾಳು ಜಾಸ್ತಿ ತಂದಿಡುವುದಾದರೆ ಚೆನ್ನಾಗಿ ಒಣಗಿರಬೇಕು. ತೇವಾಂಶ 12-13 ಶೇಕಡಾ ಮೀರಿದರೆ ಬೂಷ್ಟು ಹಿಡಿಯುತ್ತದೆ, ಆ ಬೂಷ್ಟಿನ ವಿಷ ಕೋಳಿಯನ್ನು ಕೊಲ್ಲಬಲ್ಲದು.

ಬೆಳೆಯ ವಿಷಯದಲ್ಲೂ ಇದೇ ಲೆಕ್ಕ. ಸೊಪ್ಪು, ಟೊಮೆಟೊ ಮಾರಲು ಬೆಳೆಯಬೇಡಿ, ಮನೆಗೆ ಆಗುವಷ್ಟು ಸಾಕು. ಅವು ನಿಮ್ಮ ಗಾಡಿ ಸಿಗುವ ದಿನಕ್ಕೆ ಕಾಯುವುದಿಲ್ಲ. ಕುಂಬಳ, ಒಣಗಿಸಿದ ಕಾಳು, ಈರುಳ್ಳಿ, ಬೆಳ್ಳುಳ್ಳಿ ಕಾಯುತ್ತವೆ. ಅಥವಾ ಕೊಳ್ಳುವವರೇ ಹೊಲಕ್ಕೆ ಬಂದು ಒಯ್ಯುವಂಥದ್ದು ಬೆಳೆಯಿರಿ. ಬೆಲೆ ಸ್ವಲ್ಪ ಕಮ್ಮಿ ಸಿಗುತ್ತದೆ, ಈ ವರ್ಷಕ್ಕೆ ಪರವಾಗಿಲ್ಲ.

ನಿಜ ಹೇಳಬೇಕೆಂದರೆ ಹೊಸ ಜಮೀನಿನಲ್ಲಿ ಮೊದಲ ವರ್ಷ ಹೊರಗೆ ಓಡಾಡುವ ಕೆಲಸಕ್ಕಿಂತ ಅಲ್ಲೇ ಇದ್ದು ನೋಡುವ ಕೆಲಸ ಜಾಸ್ತಿ. ಮಳೆ ನೀರು ಎಲ್ಲಿ ನಿಲ್ಲುತ್ತದೆ, ಬೇಸಿಗೆಯಲ್ಲಿ ಬಾವಿ ಎಷ್ಟು ಇಳಿಯುತ್ತದೆ, ಗಾಳಿ ಯಾವ ಕಡೆಯಿಂದ ಹೊಡೆಯುತ್ತದೆ, ಮಧ್ಯಾಹ್ನದ ನೆರಳು ಎಲ್ಲಿ ಬೀಳುತ್ತದೆ. ಇದನ್ನೆಲ್ಲ ನೋಡದೆ ಕೊಟ್ಟಿಗೆ ಕಟ್ಟಿ, ಮಳೆಗಾಲದಲ್ಲಿ ಮೊಣಕಾಲುದ್ದ ಕೆಸರಲ್ಲಿ ನಿಲ್ಲುವವರು ಬಹಳ ಮಂದಿ. ಮಣ್ಣು ಪರೀಕ್ಷೆಗೂ ಗಾಡಿ ಬೇಡ. ಹೊಲದಲ್ಲಿ ಅಡ್ಡಾದಿಡ್ಡಿ ನಡೆಯುತ್ತ 15-20 ಕಡೆ, 15 ಸೆಂ.ಮೀ. ಆಳದವರೆಗಿನ ಮಣ್ಣು ತೆಗೆದು, ಚೆನ್ನಾಗಿ ಬೆರೆಸಿ, ನೆರಳಲ್ಲಿ ಒಣಗಿಸಿ ಅರ್ಧ ಕಿಲೋ ಕಟ್ಟಿದರೆ ಅಂಚೆಯಲ್ಲೇ ಕಳಿಸಬಹುದು. ಗೊಬ್ಬರ ಹಾಕಿದ ಜಾಗ, ಮರದ ಬುಡ, ಬದುವಿನ ಪಕ್ಕ ಮಾತ್ರ ಬಿಡಿ.

ಒಂದು ಸಣ್ಣ ಸಾಮಾನಿಗಾಗಿ ಇಡೀ ಕೆಲಸ ನಿಲ್ಲುವುದೇ ದೊಡ್ಡ ತಲೆನೋವು. ಪಂಪಿನ ಫ್ಯೂಸ್, ವಾಷರ್, ಪೈಪ್ ಜಾಯಿಂಟ್, ಅದರ ಅಂಟು, ತಂತಿ, ಮೊಳೆ, ಹಗ್ಗ ಇವನ್ನೆಲ್ಲ ಎರಡೆರಡು ಇಟ್ಟುಕೊಳ್ಳಿ. ಒಂದು ಮುರಿದ ದಿನವೇ ಇನ್ನೊಂದನ್ನು ಪಟ್ಟಿಗೆ ಬರೆಯಿರಿ. ಇಬ್ಬರೂ ಧನುರ್ವಾಯು ಚುಚ್ಚುಮದ್ದನ್ನು ಹೋಗುವ ಮೊದಲೇ ಹಾಕಿಸಿಕೊಳ್ಳಿ. ತೋಟಕ್ಕೆ ಬರುವ ದಾರಿಯನ್ನು ಗುರುತುಗಳ ಸಮೇತ ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿ. ಆಂಬುಲೆನ್ಸಿಗೆ ಫೋನ್ ಮಾಡುವಾಗ ಕೈ ನಡುಗುತ್ತಿರುತ್ತದೆ, ದಾರಿ ಹೇಳಲು ಬಾಯಿ ಬರುವುದಿಲ್ಲ.

ಕೊನೆಗೆ ನೀವು ಕೇಳದೇ ಇರುವ ಮಾತು. ತೋಟದಲ್ಲಿ ಕತ್ತಲಾದ ಮೇಲೆ ಹೊತ್ತು ಹೋಗುವುದೇ ಇಲ್ಲ, ಪೇಟೆಯಲ್ಲಿ ಎರಡು ಗ್ಲಾಸ್ ಕುಡಿಯುವವರು ಇಲ್ಲಿ ನಾಲ್ಕಕ್ಕೆ ಹೋಗುತ್ತಾರೆ. ಬಿಡುವುದು ಕಷ್ಟ ಅನ್ನಿಸಿದರೆ ಹೋಗುವ ಮುಂಚೆಯೇ ಡಾಕ್ಟರ ಹತ್ತಿರ ಮಾತಾಡಿ. ಎಷ್ಟೋ ವರ್ಷದಿಂದ ದಿನಾ ಜಾಸ್ತಿ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬರುವ ಅಪಾಯವೂ ಇದೆ. ಹಾಗಾಗಿ ತಾವೇ ಛಲ ಹಿಡಿದು ನಿಲ್ಲಿಸುವುದು ಬೇಡ.

ಪ್ರಶ್ನೆ: ನಮ್ಮವರಿಗೂ ಆರು ತಿಂಗಳು ಡ್ರೈವಿಂಗ್ ನಿಷೇಧ ಇದೆ. ಕಾರು ಮುಟ್ಟುವುದಿಲ್ಲ, ಆದರೆ ರಸ್ತೆಯಾಚೆಗಿನ ಹೊಲಕ್ಕೆ ಟ್ರ್ಯಾಕ್ಟರ್ ಒಯ್ಯುತ್ತಾರೆ. "ಒಂದು ಕಿಲೋಮೀಟರ್ ಅಷ್ಟೇ, ಇದೇನು ಕಾರಾ?" ಅನ್ನುತ್ತಾರೆ. ಹೇಗೆ ತಿಳಿಹೇಳಲಿ? — ಒಬ್ಬ ಓದುಗರು

ಉತ್ತರ: ಟ್ರ್ಯಾಕ್ಟರೂ ಮೋಟಾರು ವಾಹನವೇ ಅಮ್ಮಾ. ರಸ್ತೆಗೆ ಇಳಿದರೆ ಒಂದು ಕಿಲೋಮೀಟರೂ ಅಷ್ಟೇ, ನೂರೂ ಅಷ್ಟೇ. ನಿಷೇಧ ಇರುವಾಗ ಓಡಿಸುವುದು ಮೊದಲಿನ ತಪ್ಪಿಗಿಂತ ಬೇರೆಯದೇ ಅಪರಾಧ, ಅದಕ್ಕೆ ಜೈಲು ಶಿಕ್ಷೆ ಕೊಡುವ ದೇಶಗಳಲ್ಲಿ ಭಾರತವೂ ಒಂದು. ಆದರೆ ಅವರಿಗೆ ಜೈಲಿನ ಮಾತು ನಾಟಲಿಕ್ಕಿಲ್ಲ. ವಿಮೆಯ ಮಾತು ಹೇಳಿ ನೋಡಿ. ರಸ್ತೆಯಲ್ಲಿ ಒಂದು ಮಗು ಅಡ್ಡ ಬಂತು ಅಂದುಕೊಳ್ಳಿ, ಆಗ ವಿಮೆ ಕಂಪನಿ ಪರಿಹಾರದ ದುಡ್ಡನ್ನು ನಿಮ್ಮಿಂದಲೇ ವಸೂಲಿ ಮಾಡಲು ಬರಬಹುದು, ಆಗ ಹೋಗುವುದು ಆ ಹೊಲವೇ. ಆರು ತಿಂಗಳಿಗೆ ಉಳುಮೆಯನ್ನು ಡ್ರೈವರ್ ಸಮೇತ ಬಾಡಿಗೆ ಟ್ರ್ಯಾಕ್ಟರಿಗೆ ಬಿಡಿ. ಅದೂ ಆಗದಿದ್ದರೆ ರಸ್ತೆಯಾಚೆಯ ಹೊಲವನ್ನು ಒಂದು ಬೆಳೆಗೆ ಪಾಲಿಗೆ ಕೊಡಿ. ಕೀಲಿಕೈ ನಿಮ್ಮ ಹತ್ತಿರ ಇರಲಿ.

ಪ್ರಶ್ನೆ: ಒಂದು ವರ್ಷ ನಿಂತೇ ಇರುವ ಕಾರನ್ನು ಏನು ಮಾಡಬೇಕು? — ಇನ್ನೊಬ್ಬ ಓದುಗರು

ಉತ್ತರ: ಮನೆಯಲ್ಲಿ ಬೇರೆ ಯಾರೂ ಓಡಿಸುವವರಿಲ್ಲದಿದ್ದರೆ ಮಾರಿಬಿಡಿ. ಇಟ್ಟುಕೊಳ್ಳುವುದಾದರೆ ಬ್ಯಾಟರಿಯ ತಂತಿ ಬಿಚ್ಚಿ, ಟೈರಿಗೆ ಗಾಳಿ ತುಂಬಿಸಿ, ಲೈಸೆನ್ಸ್ ಇರುವ ಯಾರಾದರೂ ಆಗಾಗ ಓಡಿಸುವಂತೆ ನೋಡಿಕೊಳ್ಳಿ. ಅವರು ಓಡಿಸಿದರೆ ವಿಮೆ ನಡೆಯುತ್ತದಾ ಅಂತ ಮೊದಲೇ ಕೇಳಿ. ಬಾನೆಟ್ ಒಳಗೆ ವಾರಕ್ಕೊಮ್ಮೆ ಇಣುಕಿ. ತೋಟದ ಇಲಿಗಳಿಗೆ ನಿಂತ ಕಾರಿನ ವೈರ್ ಅಂದರೆ ಬಹಳ ಇಷ್ಟ.