ಡೆರಿವೇಟಿವ್ ಲೆಕ್ಕದಲ್ಲಿ ಮೊದಲು ಎಚ್‌ನಿಂದ ಭಾಗಿಸಿ, ಆಮೇಲೆ ಅದೇ ಎಚ್ ಸೊನ್ನೆ ಅನ್ನುವುದು ಹೇಗೆ ಸರಿ?

ಫಸ್ಟ್ ಪಿಯುಸಿಯಲ್ಲಿ ಡೆರಿವೇಟಿವ್, ಅಂದರೆ ಒಂದು ಬಿಂದುವಿನಲ್ಲಿ ಬದಲಾವಣೆಯ ದರ, ಕಲಿಯುವವರಿಗೆಲ್ಲ ಬರಬೇಕಾದ ಅನುಮಾನ ಇದು. ಭಾಗಿಸುವಾಗ ಎಚ್, ಅಂದರೆ ನಾವು ಹಿಡಿದ ಚಿಕ್ಕ ಅಂತರ, ಸೊನ್ನೆಯಲ್ಲ ಅನ್ನುತ್ತೇವೆ, ಎರಡು ಸಾಲು ದಾಟಿದ ಮೇಲೆ ಸೊನ್ನೆ ಅಂತ ಬಿಟ್ಟುಬಿಡುತ್ತೇವೆ. ನ್ಯೂಟನ್ನನ ವಿಧಾನದ ಮೇಲೆ 1734ರಲ್ಲಿ ಬಿಷಪ್ ಜಾರ್ಜ್ ಬರ್ಕ್ಲಿ ಎತ್ತಿದ ಆಕ್ಷೇಪವೂ ಇದೇ. ಗಟ್ಟಿ ಉತ್ತರದ ದಾರಿ ತೆರೆದದ್ದು 1821ರಲ್ಲಿ ಗಣಿತಜ್ಞ ಕೌಶಿ, ಅದನ್ನು ಬಿಗಿಗೊಳಿಸಿದ್ದು ಇನ್ನೊಬ್ಬ ಗಣಿತಜ್ಞ ವೈಯರ್‌ಸ್ಟ್ರಾಸ್.

ನನ್ನ ಉತ್ತರ ಇಷ್ಟು: ಎಚ್ ಯಾವ ಹಂತದಲ್ಲೂ ಸೊನ್ನೆಯಾಗುವುದಿಲ್ಲ. ಒಂದು ಲೆಕ್ಕ ಮಾಡಿ ನೋಡೋಣ.

ಮೇಲಿನಿಂದ ಕೈಬಿಟ್ಟ ಕಲ್ಲು, ಗಾಳಿಯ ತಡೆ ಬಿಟ್ಟರೆ, ಟಿ ಸೆಕೆಂಡಿನಲ್ಲಿ 4.9 × ಟಿ² ಮೀಟರ್ ಬೀಳುತ್ತದೆ. ಸರಿಯಾಗಿ 2 ಸೆಕೆಂಡ್ ಆದ ಕ್ಷಣದಲ್ಲಿ ಅದರ ವೇಗ ಎಷ್ಟು? ಆ ಒಂದು ಕ್ಷಣವನ್ನಷ್ಟೇ ಹಿಡಿದರೆ ಸಾಗಿದ ದೂರ 0, ಹಿಡಿದ ಸಮಯ 0. ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಿದರೆ ಏನೂ ತಿಳಿಯುವುದಿಲ್ಲ. ಹಾಗಾಗಿ ಸ್ವಲ್ಪ ಸಮಯ ಬಿಟ್ಟು ಸರಾಸರಿ ವೇಗ ತೆಗೆಯುತ್ತೇವೆ. 2ರಿಂದ 2.1ರವರೆಗೆ ಅದು ಸೆಕೆಂಡಿಗೆ 20.09 ಮೀಟರ್. 2.01ರವರೆಗೆ 19.649. 2.001ರವರೆಗೆ 19.6049. ಹಿಂದಿನಿಂದಲೂ ನೋಡಲೇಬೇಕು: 1.9ರಿಂದ 2ರವರೆಗೆ 19.11, 1.99ರಿಂದ 19.551. ಎರಡೂ ಕಡೆಯಿಂದ ಬೆಲೆಗಳು 19.6ರ ಹತ್ತಿರ ಸರಿಯುತ್ತಿವೆ. ಸೂತ್ರ ಬಾಯಿಪಾಠ ಮಾಡುವ ಮೊದಲು ಈ ಪಟ್ಟಿಯನ್ನು ಒಮ್ಮೆಯಾದರೂ ಕೈಯಿಂದ ಬರೆಯಲೇಬೇಕು ಅನ್ನುವುದು ನನ್ನ ಅಭಿಪ್ರಾಯ.

ಈಗ ಬೀಜಗಣಿತ. ಬಿಟ್ಟ ಸಮಯ ಎಚ್ ಆಗಿರಲಿ, ಅದು ಸೊನ್ನೆಯಲ್ಲ. ಆ ಹೊತ್ತಿನಲ್ಲಿ ಬಿದ್ದ ದೂರ 4.9 × [(2 + ಎಚ್)² − 4], ಅಂದರೆ 4.9 × (4ಎಚ್ + ಎಚ್²). ಎಚ್‌ನಿಂದ ಭಾಗಿಸಿದರೆ 19.6 + 4.9ಎಚ್. ಎಚ್ ಸೊನ್ನೆಯಲ್ಲವಾದ್ದರಿಂದ ಈ ಭಾಗಾಕಾರದಲ್ಲಿ ತಪ್ಪೇನಿಲ್ಲ.

ನಿಮ್ಮ ತಕರಾರು ಇರುವುದು ಮುಂದಿನ ಹೆಜ್ಜೆಯ ಬಗ್ಗೆ. ಅಲ್ಲಿ ನಾವು ಎಚ್ = 0 ಅನ್ನುವುದಿಲ್ಲ, ಬೇರೆಯೇ ಪ್ರಶ್ನೆ ಕೇಳುತ್ತೇವೆ: ಎಚ್ ಚಿಕ್ಕದಾದಂತೆ ಈ ಬೆಲೆ ಯಾವ ಒಂದು ಸಂಖ್ಯೆಗೆ ಬೇಕಾದಷ್ಟು ಹತ್ತಿರ ಬಂದು ಅಲ್ಲೇ ಉಳಿಯುತ್ತದೆ? 19.6ಕ್ಕೂ ಸರಾಸರಿಗೂ ಇರುವ ವ್ಯತ್ಯಾಸ 4.9ಎಚ್ ಮಾತ್ರ. ವ್ಯತ್ಯಾಸ 0.01ರೊಳಗೆ ಇರಬೇಕೆಂದು ನೀವು ಹಟ ಹಿಡಿದರೆ, ಎಚ್ ಅನ್ನು ಎರಡೂ ಕಡೆ 0.002ರೊಳಗೆ ಇಡುತ್ತೇನೆ, ಆಗ ಅದು 0.0098 ಮೀರುವುದಿಲ್ಲ. ಇನ್ನೂ ಚಿಕ್ಕ ಅಂತರ ಕೇಳಿ, ಅದಕ್ಕೂ ತಕ್ಕ ಎಚ್ ಇದೆ. ಬೇರೆ ಯಾವ ಸಂಖ್ಯೆಗೂ ಈ ಮಾತು ಕೊಡಲಾಗದು. ಆ 19.6ನ್ನೇ ಲಿಮಿಟ್ ಅನ್ನುತ್ತೇವೆ, 2ರಲ್ಲಿ ಡೆರಿವೇಟಿವ್ ಅಂದರೆ ಅದೇ. 19.6 + 4.9ಎಚ್ ಅನ್ನುವುದರಲ್ಲಿ ಸೊನ್ನೆ ಹಾಕಿದರೂ ಅದೇ ಉತ್ತರ ಬರುತ್ತದೆ. ಕಾರಣ, ಈ ರೇಖೆ ಎಲ್ಲೂ ತುಂಡಾಗಿಲ್ಲ. ‘ಸೊನ್ನೆ ಹಾಕು’ ಅನ್ನುವುದು ಅಲ್ಲಿಂದ ಬಂದ ಅಡ್ಡದಾರಿ.

ಗ್ರಾಫಿನಲ್ಲಾದರೆ ಪ್ರತಿಯೊಂದು ಸರಾಸರಿಯೂ ವಕ್ರರೇಖೆಯ ಎರಡು ಬಿಂದುಗಳ ಮೂಲಕ ಹಾಯುವ ಛೇದಕದ ಇಳಿಜಾರು, 19.6 ಆ ಬಿಂದುವಿನಲ್ಲಿ ವಕ್ರರೇಖೆಯನ್ನು ಮುಟ್ಟಿ ಸಾಗುವ ಸ್ಪರ್ಶಕದ ಇಳಿಜಾರು.

ಲಿಮಿಟ್ ಇಲ್ಲದ ಕಡೆಯೂ ಇದೆ. ಎಕ್ಸ್‌ನ ನಿರಪೇಕ್ಷ ಬೆಲೆಯನ್ನು (ಋಣ ಚಿಹ್ನೆ ಬಿಟ್ಟ ಬೆಲೆ) ಕೊಡುವ ಫಂಕ್ಷನ್ನಿಗೆ ಸೊನ್ನೆಯಲ್ಲಿ ಸರಾಸರಿ ತೆಗೆದರೆ ಬಲದಿಂದ ಯಾವಾಗಲೂ 1, ಎಡದಿಂದ ಯಾವಾಗಲೂ −1 ಬರುತ್ತದೆ. ಒಂದೇ ಸಂಖ್ಯೆಗೆ ಬರದ ಕಾರಣ ಅಲ್ಲಿ ಡೆರಿವೇಟಿವ್ ಇಲ್ಲ. ಹಿಂದಿನಿಂದಲೂ ನೋಡಿ ಅಂದದ್ದು ಇದಕ್ಕೇ.

ಕಂಪ್ಯೂಟರಿನಲ್ಲಿ ಪರೀಕ್ಷಿಸುವುದಾದರೆ ಎಚ್ ಅತಿ ಚಿಕ್ಕದಾದರೆ ಉತ್ತರ ಕೆಡುತ್ತದೆ. 10⁻¹⁶ ಕೊಟ್ಟರೆ ಸಾಮಾನ್ಯ 64 ಬಿಟ್ ದಶಾಂಶ ಲೆಕ್ಕದಲ್ಲಿ 2 + ಎಚ್ ಮತ್ತೆ 2 ಎಂದೇ ದಾಖಲಾಗಿ ಉತ್ತರ 0 ಬರುತ್ತದೆ. 10⁻⁵ರ ಆಸುಪಾಸು ಸಾಕು.

ಪರೀಕ್ಷೆಯಲ್ಲಿ ಅಂಕ ಹೋಗುವುದು ಹೆಚ್ಚಾಗಿ ಎರಡು ಕಡೆ. (ಎಕ್ಸ್ + ಎಚ್)² ಅನ್ನು ಎಕ್ಸ್² + ಎಚ್² ಎಂದು ಬರೆದರೆ ನಡುವಿನ 2ಎಕ್ಸ್ಎಚ್ ಬಿಟ್ಟುಹೋಗಿ ಉತ್ತರ ಸೊನ್ನೆಯಾಗುತ್ತದೆ. ಎಕ್ಸ್ ಇದ್ದ ಕಡೆಯಲ್ಲೆಲ್ಲ ಎಕ್ಸ್ + ಎಚ್ ಹಾಕುವ ಬದಲು ಇಡೀ ಫಂಕ್ಷನ್ನಿಗೆ ಎಚ್ ಕೂಡಿಸಿದರೆ, ಯಾವ ಫಂಕ್ಷನ್ ತೆಗೆದುಕೊಂಡರೂ ಉತ್ತರ 1 ಬರುತ್ತದೆ. ಉತ್ತರ ಬರೆದ ಮೇಲೆ ಎಚ್ = 0.01 ಇಟ್ಟು ಒಂದು ಬಿಂದುವಿನಲ್ಲಿ ಸರಾಸರಿ ತೆಗೆದು ತಾಳೆ ನೋಡಿ, ಈ ಎರಡೂ ತಪ್ಪು ಸಿಕ್ಕಿಬೀಳುತ್ತವೆ.