ಆಪ್ತಸಲಹೆ ಪ್ರಕರಣ: ಬಿಕಾಂ ಓದ್ತಾ ಸೀರೆಗೆ ಕುಚ್ಚು ಹಾಕೋ ಹುಡುಗಿ

ಈ ಹುಡುಗೀನ ಇಲ್ಲಿ ಸುಮಾ ಅಂತ ಕರೀತೀನಿ, ಗುರುತು ಸಿಗೋ ವಿವರ ಎಲ್ಲಾ ಬದಲಾಯಿಸಿದೀನಿ, ಅವ್ಳ ಒಪ್ಪಿಗೆ ತಗೊಂಡೇ ಬರೀತಿರೋದು. ಹಾಸನದ ಹತ್ರ ಒಂದು ಹಳ್ಳಿ, ಬಿಕಾಂ ಎರಡನೇ ವರ್ಷ, ದಿನಾ ಶಕ್ತಿ ಯೋಜನೆ ಫ್ರೀ ಬಸ್ಸಲ್ಲಿ ಟೌನಿಗೆ ಓಡಾಟ. ಪಿಯುಸಿ ರಜೇಲಿ ಯೂಟ್ಯೂಬ್ ನೋಡ್ಕೊಂಡು ಕುಚ್ಚು ಹಾಕೋದು ಕಲ್ತ್ಲಂತೆ, ಮೊದ್ಲು ಅಕ್ಕನ ಮದ್ವೆ ಸೀರೆಗೆ, ಆಮೇಲೆ ಅಕ್ಕಪಕ್ಕದೋರ್ದು, ಈಗ ವಾಟ್ಸಾಪ್ ಸ್ಟೇಟಸ್ಸಿಗೆ ಒಂದು ಫೋಟೋ ಹಾಕಿದ್ರೆ ಸಾಕು ಆರ್ಡರ್ ಬರತ್ತೆ, ಬೇಬಿ ಕುಚ್ಚು, ಕ್ರೋಶಾ ಕುಚ್ಚು, ಮಣಿ ಕುಚ್ಚು, ಜೊತೆಗೆ ಫಾಲ್ಸು ಜಿಗ್‌ಜಾಗು.

ಕರ್ಕೊಂಡು ಬಂದಿದ್ದು ಅವ್ರಮ್ಮ. "ಓದೋ ಹುಡ್ಗಿ ಮೇಡಂ, ಈಗ ರಾತ್ರಿ ಒಂದ್ ಗಂಟೆ ತಂಕ ದಾರ ಹಿಡ್ಕಂಡು ಕೂತಿರ್ತಾಳೆ, ಹಾಜ್ರಿ ಕಮ್ಮಿ ಅಂತ ಕಾಲೇಜಿಂದ ಫೋನ್ ಬಂದೈತೆ, ಅವ್ರಪ್ಪ ಆ ದಾರದ್ ಡಬ್ಬಾನೇ ಒಲೆಗ್ ಹಾಕ್ತೀನಿ ಅಂತ ಕೂತವ್ರೆ." ವರಮಹಾಲಕ್ಷ್ಮಿ ಹಬ್ಬದ ರಶ್ ಆಗಷ್ಟೇ ಮುಗಿದಿತ್ತು, ಸುಮಾ ಕಣ್ಣ ಕೆಳಗೆ ಕಪ್ಪಾಗಿತ್ತು, ಸೂಜಿ ಚುಚ್ಚಿ ಚುಚ್ಚಿ ಬೆರಳ ತುದಿ ಗಟ್ಟಿಯಾಗಿತ್ತು. ಅಮ್ಮನ್ನ ಹೊರಗೆ ಕೂರಿಸಿ ಕೇಳಿದ್ರೆ ಅವ್ಳು ಹೇಳಿದ್ದು ಒಂದೇ ಮಾತು, ಮೇಡಂ ನಂಗೆ ಟೈಮ್ ಮ್ಯಾನೇಜ್‌ಮೆಂಟ್ ಹೇಳ್ಕೊಡಿ.

ನಾನು ಟೈಮ್‌ಟೇಬಲ್ ಬರೆಯೋಕೆ ಹೋಗ್ಲಿಲ್ಲ. ಯಾವ್ಯಾವ ಕ್ಲಾಸ್ ತಪ್ಪಿಸಿದೀಯ ಹೇಳು ಅಂದೆ. ನೋಡ್ತಾ ಹೋದ್ರೆ ಹೆಚ್ಚುಕಮ್ಮಿ ಎಲ್ಲಾ ಕಾಸ್ಟ್ ಅಕೌಂಟಿಂಗ್ ಪೀರಿಯಡ್‌ಗಳೇ. ಸ್ವಲ್ಪ ಹೊತ್ತು ಸುಮ್ನಿದ್ದು ಆಮೇಲೆ ಬಾಯಿಬಿಟ್ಲು, ಹಿಂದಿನ ಸೆಮ್ಮಲ್ಲಿ ಅಕೌಂಟ್ಸ್ ಒಂದು ಬ್ಯಾಕ್ ಇದೆ, ಅಂದ್ರೆ ಫೇಲಾಗಿ ಮತ್ತೆ ಬರೀಬೇಕಾದ ಪೇಪರ್, ಮನೇಲಿ ಗೊತ್ತಿಲ್ಲ, ಕ್ಲಾಸಲ್ಲಿ ಯಾರ್ಯಾರ್ದು ಬ್ಯಾಕ್ ಇದೆ ಎದ್ದು ನಿಲ್ಲಿ ಅಂದಿದ್ರಂತೆ, ಅವತ್ತಿಂದ ಆ ಪೀರಿಯಡ್ ಅಂದ್ರೆ ಹೊಟ್ಟೆ ಹಿಂಡತ್ತೆ. ಕುಚ್ಚು ಹಾಕಿದ್ರೆ ಜನ ಎಷ್ಟು ಚೆನ್ನಾಗಿದೆ ಅಂತಾರೆ, ಕೈಗೆ ದುಡ್ಡೂ ಬರತ್ತೆ. ಇಂಥಾ ಮಕ್ಕಳನ್ನ ನಾನು ತುಂಬಾ ನೋಡ್ತೀನಿ, ಬಿಸಿನೆಸ್ಸಿಂದ ಓದು ಹಾಳಾಯ್ತು ಅಂತ ಮನೆಯೋರು ಅಂದ್ಕೊಂಡಿರ್ತಾರೆ, ಆದ್ರೆ ಓದಲ್ಲಿ ಪೆಟ್ಟು ಬಿದ್ದಿರತ್ತೆ ಮೊದ್ಲು, ಆ ಅವಮಾನ ಮರೆಯೋಕೆ ಕೆಲಸಕ್ಕೆ ಅಂಟ್ಕೊಂಡಿರ್ತಾರೆ. ಆಗ ಡಬ್ಬ ಒಲೆಗೆ ಹಾಕಿದ್ರೆ ಮಗು ಪುಸ್ತಕ ಹಿಡಿಯಲ್ಲ, ಇರೋ ಒಂದು ಧೈರ್ಯಾನೂ ಹೋಗತ್ತೆ.

ಎರಡನೇ ಸೆಷನ್‌ಗೆ ಕಾಸ್ಟ್ ಅಕೌಂಟಿಂಗ್ ನೋಟ್ಸು, ಒಂದು ಸೀರೆ ಎರಡೂ ತಗೊಂಡು ಬಾ ಅಂದಿದ್ದೆ. ಆ ಸೀರೆಗೇ ಕಾಸ್ಟ್ ಶೀಟ್, ಅಂದ್ರೆ ಖರ್ಚಿನ ಲೆಕ್ಕದ ಪಟ್ಟಿ, ಹಾಕಿಸ್ದೆ. ಕ್ರೋಶಾ ಕುಚ್ಚು, ಅವ್ಳು ತಗೊಳ್ಳೋದು 400 ರೂಪಾಯಿ. ರೇಷ್ಮೆ ದಾರ 50, ಮಣಿ 90, ಕಟ್ಟಿನಕೆರೆ ಮಾರ್ಕೆಟ್‌ಗೆ ಹೋಗಿ ಸಾಮಾನು ತರೋ ಆಟೋ ಖರ್ಚಲ್ಲಿ ಒಂದು ಸೀರೆ ಪಾಲು 20. ಉಳಿಯೋದು 240, ಕೂರೋದು ಆರು ಗಂಟೆ, ಅಂದ್ರೆ ಗಂಟೆಗೆ 40 ರೂಪಾಯಿ. ಚಿಕ್ಕಮ್ಮ ದೊಡ್ಡಮ್ಮಂದಿರ ಸೀರೆಗೆ 150 ತಗೋತಿದ್ಲು, ಸಾಮಾನಿಗೇ 160 ಆಗತ್ತೆ, ಅಲ್ಲಿಗೆ ಕೈಯಿಂದ 10 ರೂಪಾಯಿ ಹಾಕಿ ಆರು ಗಂಟೆ ದುಡಿದು ಕೊಡ್ತಿದ್ಲು. ಮೇಡಂ ಇದು ನಮ್ ಸಿಲಬಸ್ಸಲ್ಲಿರೋದೇ ಅಲ್ವಾ, ಡೈರೆಕ್ಟ್ ಮೆಟೀರಿಯಲ್, ಡೈರೆಕ್ಟ್ ಲೇಬರ್ ಅಂದ್ಲು. ಹೌದು ಕಣಮ್ಮ, ಅದೇ.

ರೇಟ್ 600 ಮಾಡು, ನೆಂಟರಿಗೆ ಕೂಲೀಲಿ ಬಿಡು, ಸಾಮಾನಿನ ದುಡ್ಡು ಮಾತ್ರ ಬಿಡಬೇಡ, ಅರ್ಧ ಅಡ್ವಾನ್ಸ್ ಬರದೆ ಸೀರೆ ಕೆಲಸ ಶುರು ಮಾಡಬೇಡ ಅಂತ ಹೇಳ್ದೆ. ಆರ್ಡರ್ ಕಮ್ಮಿ ಆಗತ್ತೆ ಅಂತ ಹೆದರಿದ್ಲು, ಕಮ್ಮಿ ಆಗ್ಲಿ ಅಂತಾನೇ ಹೇಳ್ತಿರೋದು, ಅರ್ಧದಷ್ಟು ಸೀರೇಲೇ ಹೆಚ್ಚುಕಮ್ಮಿ ಅಷ್ಟೇ ದುಡ್ಡು ಉಳಿಯತ್ತೆ ಅಂತ ಲೆಕ್ಕ ತೋರಿಸ್ದೆ.

ಆಮೇಲೆ ಪಂಚಾಂಗದ ಕ್ಯಾಲೆಂಡರು, ಎಕ್ಸಾಮ್ ತಿಂಗಳು ಎರಡನ್ನೂ ಪಕ್ಕಪಕ್ಕ ಇಟ್ವಿ. ಆಷಾಢದಲ್ಲಿ ಮದ್ವೆ ಇಲ್ಲ, ಡಿಸೆಂಬರ್ ಮಧ್ಯದಿಂದ ಸಂಕ್ರಾಂತಿ ತನಕ ಧನುರ್ಮಾಸ, ಆಗ್ಲೂ ಇಲ್ಲ. ಅವ್ಳ ಸೆಮಿಸ್ಟರ್ ಎಕ್ಸಾಮ್ ಬರೋದೂ ಹೆಚ್ಚುಕಮ್ಮಿ ಅದೇ ಎರಡು ಹೊತ್ತಲ್ಲಿ. ಕಷ್ಟ ಇರೋದು ನವೆಂಬರ್ ಮತ್ತೆ ಮೇ, ಮುಹೂರ್ತ ಜಾಸ್ತಿ, ಕಾಲೇಜಲ್ಲಿ ಇಂಟರ್ನಲ್ಸು. ಆ ತಿಂಗಳು ವಾರಕ್ಕೆ ಎರಡೇ ಸೀರೆ, ಮದ್ವೆಗೆ ಮೂರು ವಾರ ಮುಂಚೆ ಕೊಟ್ಟೋರ್ದು ಮಾತ್ರ. ಇದನ್ನ ಬಾಯಲ್ಲಿ ಹೇಳೋಕೆ ಅವ್ಳಿಗೆ ಆಗಲ್ಲ, ಸಂಕೋಚ, ಅದಕ್ಕೇ ವಾಟ್ಸಾಪ್ ಬಿಸಿನೆಸ್ಸಲ್ಲಿ ಆಟೋಮ್ಯಾಟಿಕ್ ಆಗಿ ಹೋಗೋ ಮೆಸೇಜ್ ಬರೆದು ಇಡಿಸ್ದೆ. ಇನ್ನೆರಡು ಷರತ್ತು ಹಾಕ್ದೆ, ಬೆಳಿಗ್ಗೆ ಎದ್ದು ಮುಕ್ಕಾಲು ಗಂಟೆ ಅಕೌಂಟ್ಸ್ ಮಾಡದೆ ದಾರ ಮುಟ್ಟಬಾರದು ಅನ್ನೋದೊಂದು, ಬ್ಯಾಕ್ ವಿಷ್ಯ ಅಪ್ಪ ಅಮ್ಮಂಗೆ ಅವ್ಳೇ ಹೇಳ್ಬೇಕು ಅನ್ನೋದೊಂದು. ಎರಡನೇದಕ್ಕೆ ಅತ್ತುಬಿಟ್ಲು, ಆದ್ರೂ ಹೇಳಿದ್ಲು, ನನ್ನೆದುರಿಗೇ.

ಅಪ್ಪನ ಜೊತೆ ಬೇರೆ ಮಾತಾಡ್ದೆ. ಆಲೂಗಡ್ಡೆ ಬೆಳೆಯೋರು, ಅಂಗಮಾರಿ ರೋಗ ಬಂದು ಬಿತ್ತನೆಗೆ ಹಾಕಿದ ಸಾಲಾನೂ ಹುಟ್ಟದೇ ಇರೋ ವರ್ಷಗಳನ್ನ ಕಂಡೋರು. ಅವ್ರ ಸಿಟ್ಟಿನ ಹಿಂದೆ ಇದ್ದಿದ್ದು ಸಾಲದ ಭಯ. ಸೋದರಮಾವ ಒಬ್ರು ಸಣ್ಣ ಉದ್ಯಮಕ್ಕೆ ಕೊಡೋ ಮುದ್ರಾ ಲೋನ್ ತಗೋ, ಶಿಶು ಸ್ಕೀಮಲ್ಲಿ 50,000 ತನಕ ಕೊಡ್ತಾರೆ, ಮೆಷಿನ್ ಹಾಕು ಅಂತ ತಲೆ ತುಂಬ್ತಿದ್ರು, ಅದು ಅಪ್ಪನ ಕಿವಿಗೂ ಬಿದ್ದಿತ್ತು. ಡಿಗ್ರಿ ಮುಗಿಯೋ ತನಕ ಒಂದು ರೂಪಾಯಿ ಸಾಲ ಬೇಡ ಅಂತ ನಾನೇ ಹೇಳಿದ ಮೇಲೆ ಮುಖ ಸಡಿಲ ಆಯ್ತು. ಯುಪಿಐಲಿ ದುಡ್ಡು ಬಂದ್ರೆ ಜಿಎಸ್‌ಟಿ ನೋಟಿಸ್ ಬರತ್ತಂತಲ್ಲ ಅಂತಾನೂ ಕೇಳಿದ್ರು, 2025ರಲ್ಲಿ ಸಣ್ಣ ವ್ಯಾಪಾರಿಗಳಿಗೆ ಹೋದ ನೋಟಿಸಿನ ಸುದ್ದಿ ಊರಲ್ಲೆಲ್ಲಾ ಹರಡಿತ್ತು. ಹೊಲಿಗೆ, ಕುಚ್ಚು ಥರದ ಸರ್ವಿಸ್‌ಗೆ ವರ್ಷಕ್ಕೆ 20 ಲಕ್ಷ ದಾಟಿದ್ರೆ ಮಾತ್ರ ರಿಜಿಸ್ಟ್ರೇಷನ್, ಇವ್ಳು ಅದರ ಹತ್ರಾನೂ ಹೋಗಲ್ಲ. ಕುಚ್ಚಿನ ದುಡ್ಡಿಗೆ ಬೇರೆ ಅಕೌಂಟ್ ಮಾಡಿಸಿ, ಮುಂದೆ ಸಣ್ಣ ಉದ್ಯಮಗಳ ಸರ್ಕಾರಿ ನೋಂದಣಿ, ಉದ್ಯಮ್ ರಿಜಿಸ್ಟ್ರೇಷನ್ ಬೇಕಾದ್ರೆ ಅದು ಪೂರ್ತಿ ಫ್ರೀ, ಸೈಬರಲ್ಲಿ ಸಾವಿರಗಟ್ಲೆ ಕೇಳಿದ್ರೆ ಕೊಡ್ಬೇಡಿ ಅಂತ ಹೇಳಿ ಕಳಿಸ್ದೆ.

ಕಳೆದ ಸಲ ಬಂದಾಗ ಹಾಜರಾತಿ ಶೇ 75 ದಾಟಿತ್ತು. ರೇಟ್ ಜಾಸ್ತಿ ಆಯ್ತು ಅಂತ ನಾಲ್ಕೈದು ಗಿರಾಕಿ ಬಿಟ್ಟೋಗಿದಾರೆ, ಒಬ್ರು ದೊಡ್ಡಮ್ಮ ಮಾತು ಬಿಟ್ಟಿದಾರೆ, ಅದು ಅವ್ಳಿಗೆ ಇನ್ನೂ ನೋವೇ. ಬೇಬಿ ಕುಚ್ಚಿನ ಆರ್ಡರ್‌ಗಳನ್ನ ಪಕ್ಕದ್ಮನೆ ಆಂಟಿಗೆ ಸೀರೆಗಿಷ್ಟು ಅಂತ ಕೊಟ್ಟು ಮಾಡಿಸ್ತಿದಾಳೆ. ಬ್ಯಾಕ್ ಪೇಪರ್ ಬರೆದಿದಾಳೆ, ರಿಸಲ್ಟ್ ಬಂದಿಲ್ಲ. ಡಿಗ್ರಿ ಆದ್ಮೇಲೆ ಟೌನಲ್ಲಿ ಅಂಗಡಿ ಇಡೋ ಆಸೆ ಇದೆ, ಆ ಮಾತು ಮನೇಲಿ ಇನ್ನೂ ಎತ್ತಿಲ್ಲ, ಮುಂದಿನ ಸಲ ಅಪ್ಪನ್ನೂ ಕರ್ಕೊಂಡು ಬಾ ಅಂದಿದೀನಿ.